ದ್ವೀಪವಾಸಿಯಾದ ನಮ್ಮ ಮನೆಯ ರೂಟರಿಗೆ

ಮಾನ್ಯ ರೂಟರ್ ಸಾಹೇಬರೇ,

ನಡುಮನೆಯ ಕಪಾಟಿನ ನೆತ್ತಿಯ ಮೇಲೆ ವಿರಾಜಮಾನರಾಗಿ ಹಗಲಿರುಳೂ ಹಸಿರು ಕಣ್ಣು ಮಿಟುಕಿಸುವ ತಮ್ಮ ಪಾದಗಳಿಗೆ, ಅಂದರೆ ಆ ನಾಲ್ಕು ರಬ್ಬರ್ ಗುಬುಟುಗಳಿಗೆ, ಅಡ್ಡಬಿದ್ದು ಅರಿಕೆ ಮಾಡಿಕೊಳ್ಳುವುದೇನೆಂದರೆ, ತಮ್ಮ ಸಿಗ್ನಲ್ ನಮ್ಮ ಹಿಂದಿನ ಕೋಣೆಗೆ ಇದುವರೆಗೂ ದಯಮಾಡಿಸಿಲ್ಲ. ಆ ಕೋಣೆಯಲ್ಲಿ ಕೂತು ನನ್ನ ಹೆಂಡತಿ ದೂರದ ಶಾಲೆಯೊಂದಕ್ಕೆ ಲ್ಯಾಪ್‌ಟಾಪಿನಲ್ಲೇ ಗಣಿತದ ಮಾದರಿ ಪಾಠ ಮಾಡಿ ತೋರಿಸಬೇಕಿತ್ತು. ಪಾಠ ಒಪ್ಪಿಗೆಯಾದರೆ ಕೆಲಸ, ನಡುವೆ ಕಡಿದುಹೋದರೆ ಇಲ್ಲ. ಹಳೆಯ ಶಾಲೆ ಬಾಗಿಲು ಮುಚ್ಚಿದಂದಿನಿಂದ ಅವಳು ಕಾಯುತ್ತಿದ್ದದ್ದು ಈ ಒಂದು ಅವಕಾಶಕ್ಕೆ.

"ಕಂಪನಿಯವರನ್ನ ಕರೆಸ್ರೀ" ಎಂದು ಅವಳು ಹೇಳಿದ್ದು ನಿಜ. ಆದರೆ ಫ್ರಿಜ್ ರಿಪೇರಿ ಮಾಡುವ ಭಾವಮೈದನೇ ಇರುವಾಗ ತಮ್ಮಂಥವರನ್ನು ಪರರ ಕೈಗೊಪ್ಪಿಸುವುದು ಮರ್ಯಾದೆಯಲ್ಲವೆಂದು ನಾನು ಬಗೆದೆ. ಅವನು ತಮ್ಮ ಗಿಡ್ಡ ಆಂಟೆನಾಗಳನ್ನು ಕಿತ್ತು ಮೊಳದುದ್ದದವನ್ನು ಸಿಕ್ಕಿಸಿದ, ತಮಗೆ ಸೆಖೆಯಾಗಬಾರದೆಂದು ಮೈ ಬಿಚ್ಚಿ ಪುಟ್ಟ ಫ್ಯಾನ್ ಕೂರಿಸಿದ, ಸಿಗ್ನಲ್ ಪುಟಿಯಲೆಂದು ಅಡುಗೆಮನೆಯ ದೊಡ್ಡ ಸ್ಟೀಲ್ ಮುಚ್ಚಳವನ್ನು ತಮ್ಮ ಬೆನ್ನಿಗೆ ಆನಿಸಿದ. ಹಿಂದಿನ ಕೋಣೆಗೇ ಅಡ್ಡವಾಗಿ ನಿಂತ ಆ ಮುಚ್ಚಳದ ಕೃಪೆಯಿಂದ ತಾವು ಕಿಟಕಿ ದಾಟಿ, ರಸ್ತೆ ದಾಟಿ, ಎದುರು ಕಟ್ಟಡದ ಕಾವಲುಗಾರನ ಫೋನಿಗೆ ಧಾರಾಳವಾಗಿ ಹರಿದಿರಿ. ತಾವು ಎಷ್ಟು ದೂರ ತಲುಪುತ್ತೀರೆಂದು ನೋಡಲು ರಸ್ತೆಯಲ್ಲಿ ನಿಂತಿದ್ದ ಭಾವಮೈದನಿಗೆ ಬಾಲ್ಕನಿಯಿಂದ ಪಾಸ್‌ವರ್ಡ್ ಕೂಗಿ ಹೇಳಿದವನು ನಾನೇ.

ಇಷ್ಟಕ್ಕೇ ಬಿಡದೆ ಅವನು ತಮ್ಮ ತಲೆಯೊಳಗಿನ ಫರ್ಮ್‌ವೇರನ್ನೇ, ಅಂದರೆ ತಮ್ಮನ್ನು ನಡೆಸುವ ತಂತ್ರಾಂಶವನ್ನೇ, ಅಳಿಸಿ, ಎಲ್ಲಿಂದಲೋ ಇಳಿಸಿಕೊಂಡ ಹೊಸದನ್ನು ತುಂಬಿದ. ಅದು ತಾವು ಯಾವ ದೇಶದವರೆಂದು ವಿಚಾರಿಸಿತು. "ಭಾವ, ನಮ್ಮ ದೇಶದಲ್ಲಿ ಇದಕ್ಕೆ ಕಡಿವಾಣ ಜಾಸ್ತಿ, ಬೇರೆ ದೇಶ ಹಾಕ್ಬಿಡ್ತೀನಿ, ಕುದುರೆ ಥರ ಓಡುತ್ತೆ" ಎಂದು ಅವನು ನಾವಿಬ್ಬರೂ ಕೇಳಿರದ ದ್ವೀಪವೊಂದನ್ನು ಒತ್ತಿದ. ಪಾಸ್‌ಪೋರ್ಟಿಲ್ಲದೆ, ಕೂತಲ್ಲಿಂದ ಅಲ್ಲಾಡದೆ ಪೌರತ್ವ ಬದಲಿಸಿದ ತಮ್ಮ ಸಾಮರ್ಥ್ಯವನ್ನು ಎಷ್ಟು ಹೊಗಳಿದರೂ ಸಾಲದು. ಆದರೆ ತಾವು ಆ ದ್ವೀಪದಲ್ಲಷ್ಟೇ ನಡೆಯುವ ವೈಫೈ ಚಾನೆಲ್ ಹಿಡಿದ ಮೇಲೆ, ಈ ದೇಶದ ಚಾನೆಲ್‌ಗಳನ್ನಷ್ಟೇ ಹುಡುಕುವ ಹೆಂಡತಿಯ ಲ್ಯಾಪ್‌ಟಾಪಿಗೆ ತಾವು ಕಾಣಿಸುವುದೇ ನಿಂತುಹೋಯಿತು. ಕಾವಲುಗಾರನ ಹೊಸ ಫೋನಿಗೆ ಮಾತ್ರ ಎಂದಿನಂತೆ ದರ್ಶನ ಕೊಡುತ್ತಿದ್ದಿರಿ.

ನಿನ್ನೆ ಪಾಠದ ಹೊತ್ತಿಗೆ ಅವಳು ನನ್ನ ಕಡೆ ತಿರುಗಿಯೂ ನೋಡದೆ, ಕರಿಹಲಗೆಯನ್ನು ಕಂಕುಳಲ್ಲಿ ಇರುಕಿಕೊಂಡು ರಸ್ತೆ ದಾಟಿ, ಕಾವಲುಗಾರನ ಗೂಡಿನಲ್ಲಿ ಅವನ ಫೋನಿನ ಮುಂದೆ ನಿಂತು ತ್ರಿಕೋನ ವಿವರಿಸಿದಳು. ಹಾರ್ನ್ ಹಾಕಬೇಡಿರೆಂದು ಅವನು ಗೇಟಿಗೆ ಬಂದ ಪ್ರತಿ ಗಾಡಿಗೂ ಕೈಮುಗಿಯುತ್ತಿದ್ದ. ಬಾಲ್ಕನಿಯಲ್ಲಿ ನಿಂತು ನೋಡಿದ ನನಗೆ ನಾಚಿಕೆಯೂ ಆಯಿತು, ಹೊಟ್ಟೆಕಿಚ್ಚೂ ಆಯಿತು.

ಆದ್ದರಿಂದ ತಾವು ಕೂಡಲೇ ತಾಯ್ನಾಡಿಗೆ ಮರಳಬೇಕು. ಅದು ತಮ್ಮ ಘನತೆಗೆ ಕುಂದೆನಿಸಿದರೆ ನಮ್ಮ ಹಿಂದಿನ ಕೋಣೆಯನ್ನಾದರೂ ಆ ದ್ವೀಪಕ್ಕೆ ಸೇರಿಸಿಕೊಳ್ಳಬೇಕು. ಎರಡೂ ಆಗದಿದ್ದಲ್ಲಿ, ತಪ್ಪೆಲ್ಲ ತಮ್ಮದೇ ಎಂದು ಅವಳೆದುರು ಒಂದು ಸಲ ಕೆಂಪು ದೀಪ ಬೆಳಗಿಸಿ ಒಪ್ಪಿಕೊಳ್ಳಬೇಕು. ಅವಳು ನನ್ನೊಂದಿಗೆ ಮಾತು ಬಿಟ್ಟಿದ್ದಾಳೆ, ನನಗೆ ತಡೆಯಲಾಗುತ್ತಿಲ್ಲ.

ಕಪಾಟಿನ ಕೆಳಗೆ ಕೈಕಟ್ಟಿ ನಿಂತಿರುವ, ಇಷ್ಟಾದರೂ ತಮ್ಮ ವಿಶ್ವಾಸಿ,
ಈ ಮನೆಯ ಹೆಸರಿಗೊಬ್ಬ ಯಜಮಾನ

ತಾ.ಕ.: ಅವಳಿಗೆ ಕೆಲಸ ಸಿಕ್ಕಿದೆ. ತಮ್ಮ ಜಾಗಕ್ಕೆ ನಾಳೆ ಹೊಸ ರೂಟರ್ ಬರುತ್ತದೆಂದು ಅಡುಗೆಮನೆಯಲ್ಲಿ ಗೋಡೆಗೆ ಹೇಳಿದಂತೆ ಹೇಳಿದಳು. ಪಾಸ್‌ವರ್ಡ್ ಕಾವಲುಗಾರನಿಗೆ ಕೊಡುತ್ತಾಳಂತೆ. ನನಗೆ ಬೇಕಾದರೆ ಅವನನ್ನು ಕೇಳಿಕೊಳ್ಳಬೇಕಂತೆ.