ಬಟನ್ ಒತ್ತಿದ ಮೇಷ್ಟ್ರು

ಎಲ್ಲ ರಾದ್ಧಾಂತಕ್ಕೂ ಮೂಲ ಒಂದು ಮಾರುದ್ದದ ವೈರು. ಒಂದನೇ ತರಗತಿಯ ಹೊಸ ಮೇಷ್ಟ್ರು ಬೆಳಿಗ್ಗೆ ಎಂಟೂವರೆಗೇ ಶಾಲೆಗೆ ಬಂದು ನೋಡುತ್ತಾರೆ, ಲ್ಯಾಪ್‌ಟಾಪನ್ನು ಪ್ರೊಜೆಕ್ಟರಿಗೆ ಸೇರಿಸುವ ವೈರೇ ಇಲ್ಲ. ಅರ್ಧ ಗಂಟೆ ಹುಡುಕಿದ ಮೇಲೆ ಅದು ಸಿಕ್ಕಿದ್ದು ಮೆಟ್ಟಿಲ ಬಳಿಯ ಗೋಡೆಯಲ್ಲಿ. ಚಿತ್ರಕಲೆಯ ಮೇಡಂ ದಾರ ಸಿಗದೆ ತಮ್ಮ ದೊಡ್ಡ ಚಿತ್ರಪಟವನ್ನು ಅದರಿಂದಲೇ ಮೊಳೆಗೆ ಬಿಗಿದಿದ್ದರು. ಬಿಚ್ಚಿದಾಗ ಅದರ ಮೂತಿ ಮುರಿದಿತ್ತು.

"ಅಲ್ಲ, ವೈರು ಅಂತ ಗೊತ್ತಿತ್ತು. ಕೆಲಸಕ್ಕೆ ಬರೋ ವೈರು ಅಂತ ಗೊತ್ತಿರ್ಲಿಲ್ಲ," ಎಂದರು ಮೇಡಂ, ಚಿತ್ರಪಟ ಕೆಳಗೆ ಬಿದ್ದದ್ದಕ್ಕೆ ತಾವೇ ಮುನಿಸಿಕೊಂಡು.

ಬೇರೆ ದಿನವಾಗಿದ್ದರೆ ನಮ್ಮ ಮೇಷ್ಟ್ರು ಸುಮ್ಮನೆ ಸೀಮೆಸುಣ್ಣ ಹಿಡಿಯುತ್ತಿದ್ದರು. ಇವತ್ತು ಹಾಗಿರಲಿಲ್ಲ. ಹತ್ತೂವರೆಗೆ ತಪಾಸಣೆಯ ಮೇಡಂ ಬರುವವರಿದ್ದರು, ಪಾಠದಲ್ಲಿ ಡಿಜಿಟಲ್ ಸಾಮಗ್ರಿ ಇರಲೇಬೇಕೆಂದು ಸುತ್ತೋಲೆಯೂ ಬಂದಿತ್ತು. ಮೂರು ತಿಂಗಳ ಹಿಂದೆ ಅದೇ ಮೇಡಂ ‘ಹಿಂದಿನ ಬೆಂಚಿಗೆ ದನಿ ಕೇಳಿಸುವುದಿಲ್ಲ’ ಎಂದು ಬರೆದು ಮೇಷ್ಟ್ರನ್ನು ನಪಾಸು ಮಾಡಿದ್ದರು. ಇವತ್ತೂ ನಪಾಸಾದರೆ ಕೆಲಸ ಹೋದಂತೆಯೇ.

ದನಿ ಎಲ್ಲಿಂದ ಬರಬೇಕು ಹೇಳಿ. ಮೇಷ್ಟ್ರಾಗುವ ಮೊದಲು ಹದಿನಾರು ವರ್ಷ ಅವರು ಕನ್ನಡಕದ ಅಂಗಡಿಯಲ್ಲಿದ್ದರು. "ಈ ಸಾಲು ಓದಿ," "ಈಗ ಹೇಗಿದೆ," ಇವೆರಡು ಬಿಟ್ಟು ಮೂರನೇ ಮಾತು ಅಲ್ಲಿ ಬೇಕಿರಲಿಲ್ಲ. ಮೇಷ್ಟ್ರಾಗಬೇಕೆನ್ನುವ ಆಸೆಯನ್ನು ಹಚ್ಚಿದವಳು ಹೆಂಡತಿ. ಅವಳು ಬೇರೊಂದು ಶಾಲೆಯಲ್ಲಿ ಒಂದನೇ ತರಗತಿಗೆ ಹನ್ನೊಂದು ವರ್ಷ ಪಾಠ ಹೇಳಿದವಳು. "ನಿಮಗೆ ತಾಳ್ಮೆ ಇದೆ, ಮಕ್ಕಳಂದ್ರೆ ಜೀವ. ಇಲ್ಲದ್ದು ದನಿ ಒಂದೇ. ಅದನ್ನ ನಾನು ಕೊಡ್ತೀನಿ ತಗೊಳ್ಳಿ," ಎಂದು ಗೇಲಿ ಮಾಡುತ್ತಲೇ ತರಬೇತಿಗೆ ಸೇರಿಸಿದಳು. ತರಬೇತಿ ಮುಗಿಯಿತು, ಕೆಲಸವೂ ಸಿಕ್ಕಿತು. ನೋಡುವುದಕ್ಕೆ ಅವಳಿರಲಿಲ್ಲ. ಒಂಬತ್ತು ದಿನದ ಜ್ವರಕ್ಕೆ ಹೋಗಿಬಿಟ್ಟಳು. ಹದಿನಾಲ್ಕು ತಿಂಗಳಾದರೂ ಮೇಷ್ಟ್ರ ಸಂಕಟ ಒಂದು ಚೂರೂ ಕಮ್ಮಿಯಾಗಿರಲಿಲ್ಲ. ಈ ಕೆಲಸವನ್ನಾದರೂ ಉಳಿಸಿಕೊಂಡರೆ ಅವಳ ಮಾತು ಉಳಿಸಿಕೊಂಡಂತೆ ಎಂದು ಅವರು ನಂಬಿದ್ದರು.

ಅವಳದ್ದೆಂದು ಫೋನಿನಲ್ಲಿ ಇಪ್ಪತ್ಮೂರು ದನಿ ಸಂದೇಶಗಳು ಉಳಿದಿದ್ದವು. ಮೇಷ್ಟ್ರಿಗೆ ಅವೆಲ್ಲ ಬಾಯಿಪಾಠ.

ಈಗ ವೈರಿಲ್ಲದ ಸುದ್ದಿ ಶಾಲೆಯಿಡೀ ಹರಡಿ ಲೆಕ್ಕದ ಮೇಷ್ಟ್ರು ಓಡಿ ಬಂದರು. ಯಾವಾಗ ನೋಡಿದರೂ ಜೇಬಿನಲ್ಲಿ ನಾಲ್ಕಾರು ವೈರುಗಳು ನೇತಾಡುತ್ತಿದ್ದುದರಿಂದ ಅವರಿಗೆ ವೈರ್ ಮೇಷ್ಟ್ರು ಎಂದೇ ಹೆಸರು. ಕೇಳದೆ ಸಹಾಯ ಮಾಡುವುದು ಅವರ ದೊಡ್ಡ ಗುಣ.

"ಲ್ಯಾಪ್‌ಟಾಪ್ ಯಾಕ್ರೀ, ನಿಮ್ಮ ಫೋನ್ ಕೊಡಿ. ಅದಕ್ಕಾಗೋ ವೈರ್ ನನ್ನತ್ರ ಇದೆ. ಚಿತ್ರ ಪ್ರೊಜೆಕ್ಟರಿಗೆ, ಸೌಂಡು ಅಂಗಳದ ದೊಡ್ಡ ಸ್ಪೀಕರಿಗೆ. ಪಿಸುಗುಟ್ಟಿದ್ರೂ ಗೋಡೆ ಅದುರಬೇಕು."

"ಸೌಂಡ್ ಬೇಡ, ನಂದು ಬರೀ ಎಲೆಗಳ ಫೋಟೋ," ಎಂದರು ನಮ್ಮ ಮೇಷ್ಟ್ರು. ಅವರ ದನಿ ಹಿಂದಿನ ಬೆಂಚಿಗೇ ಕೇಳದ್ದು, ವೈರ್ ಮೇಷ್ಟ್ರಿಗೆ ಕೇಳೀತೇ. ಅವರಾಗಲೇ ಅಂಗಳದ ಸ್ಪೀಕರನ್ನು ಕ್ಲಾಸಿಗೆ ತಂದು ವೈರು ಸಿಕ್ಕಿಸಿಯಾಗಿತ್ತು.

ಹತ್ತೂವರೆಗೆ ಸರಿಯಾಗಿ ತಪಾಸಣೆಯ ಮೇಡಂ ಬಂದರು. ಬಾಗಿಲಲ್ಲೇ ಒಂದು ಬ್ಯಾಗು ಎಡವಿ, ಹೆಡ್‌ಮೇಡಂ ತೋಳು ಹಿಡಿದುಕೊಂಡು, ಹಿಂದಿನ ಬೆಂಚಿನಲ್ಲಿ ಮೊಣಕಾಲು ಗಲ್ಲಕ್ಕೆ ತಾಗುವ ಹಾಗೆ ಕೂತರು. ಹೆಡ್‌ಮೇಡಂ, ವೈರ್ ಮೇಷ್ಟ್ರು, ಚಿತ್ರಕಲೆಯ ಮೇಡಂ ಗೋಡೆಗೊರಗಿ ನಿಂತರು. ಮೂವತ್ತೊಂದು ಮಕ್ಕಳು ತಿರುಗಿ ಅವರನ್ನೇ ನೋಡತೊಡಗಿದವು.

ಮೇಷ್ಟ್ರು ಮೊದಲ ಫೋಟೋ ಹಾಕಿದರು. ಎಲೆ ತಲೆಕೆಳಗಾಗಿ ಬಂತು. ವೈರ್ ಮೇಷ್ಟ್ರು ಹೋಗಿ ಏನೋ ತಿರುವಿದರು, ಎಲೆ ಅಡ್ಡಡ್ಡ ಬಂತು. ಮಕ್ಕಳು ಕತ್ತು ವಾಲಿಸಿ ನೋಡಿದವು, ಒಬ್ಬಳಂತೂ ಬೆಂಚಿನ ಮೇಲೆ ಮಲಗಿಯೇ ನೋಡಿದಳು. ನಗು ಶುರುವಾಯಿತು, ಗಲಾಟೆ ಏರಿತು. "ಇದು ಯಾವ ಎಲೆ ಹೇಳಿ," ಎಂದು ಮೇಷ್ಟ್ರು ಕೇಳಿದ್ದು ಮೊದಲ ಬೆಂಚು ದಾಟಲಿಲ್ಲ. ತಪಾಸಣೆಯ ಮೇಡಂ ಪೆನ್ನಿನ ಮುಚ್ಚಳ ತೆಗೆದರು.

ಆಗ ಗಂಟೆ ಹತ್ತೂಮುಕ್ಕಾಲು.

"ಏನ್ರೀ, ನೀರು ಕುಡಿದ್ರಾ? ಬಾಟ್ಲಿ ಎದುರಿಗೇ ಇಟ್ಕೊಂಡು ಸುಮ್ನೆ ಕೂತಿರ್ತೀರ, ಗೊತ್ತು ನಂಗೆ. ಮೊದಲು ಕುಡೀರಿ."

ದೊಡ್ಡ ಸ್ಪೀಕರಿನಿಂದ ಹೊರಟ ಆ ದನಿಗೆ ಇಡೀ ಕೋಣೆ ಗಪ್‌ಚಿಪ್ಪಾಯಿತು. ಹಿಂದೊಮ್ಮೆ ಮೇಷ್ಟ್ರಿಗೆ ಮೂತ್ರಪಿಂಡದಲ್ಲಿ ಕಲ್ಲಾಗಿದ್ದಾಗ ಹೆಂಡತಿ ಕಳಿಸಿದ್ದ ಸಂದೇಶ ಅದು. ಅವಳು ಹೋದ ಮೇಲೆ ಅವರು ಅದನ್ನೇ ಅಲಾರಂ ಮಾಡಿಕೊಂಡಿದ್ದರು. ಇವತ್ತು ನಿಲ್ಲಿಸಲು ಮರೆತಿದ್ದರು.

ಮೂವತ್ತೊಂದು ಬಾಟಲಿಗಳು ಮೇಲೆ ಬಂದವು. ಗಟಗಟ ಸದ್ದೊಂದೇ ಕೇಳುತ್ತಿತ್ತು. ಎರಡು ಜಡೆಯ ಹುಡುಗಿಯೊಬ್ಬಳು ಎದ್ದು ನಿಂತು ಸ್ಪೀಕರಿಗೆ ಹೇಳಿದಳು, "ಕುಡಿದೆ ಮಿಸ್."

ತಪಾಸಣೆಯ ಮೇಡಂ ಕನ್ನಡಕ ಸರಿಮಾಡಿಕೊಂಡರು. "ಇದು ನಿಮ್ಮ ಪಾಠದ ಯೋಜನೆಯಲ್ಲೇ ಇತ್ತಾ?"

ಮೇಷ್ಟ್ರು ಬಾಯಿ ತೆರೆಯುವಷ್ಟರಲ್ಲಿ, ಏನೂ ಗೊತ್ತಿರದ ಹೆಡ್‌ಮೇಡಂ ಮೂಗು ತೂರಿಸಿದರು. "ಇತ್ತು ಮೇಡಂ. ಇನ್ನೂ ಇದೆ. ಮುಂದಿನದು ಹಾಕಿ ಮೇಷ್ಟ್ರೇ."

ಮೇಷ್ಟ್ರಿಗೆ ಬೇರೆ ದಾರಿ ಕಾಣಲಿಲ್ಲ. ಯಾರಿಗೂ ಕೇಳಿಸದೆ ಹದಿನಾಲ್ಕು ತಿಂಗಳು ಕಾಪಾಡಿಕೊಂಡಿದ್ದನ್ನು ಊರಿಗೆಲ್ಲ ಕೇಳಿಸುವುದೆಂದರೆ ಅವರಿಗೆ ಮೈ ಬೆತ್ತಲಾದಷ್ಟು ಸಂಕೋಚ. ಆದರೂ ಬೆರಳು ಆರನೆಯ ಸಂದೇಶ ಒತ್ತಿತು.

"ಬ್ಯಾಗನ್ನ ದಾರೀಲಿ ಇಡ್ಬೇಡಿ ಅಂತ ಎಷ್ಟು ಸಲ ಹೇಳ್ಬೇಕು? ಒಂದಿನ ಯಾರಾದ್ರೂ ಎಡವಿ ಬೀಳ್ತಾರೆ ನೋಡಿ."

ಮಕ್ಕಳು ದಡಬಡ ಎದ್ದು ಬ್ಯಾಗುಗಳನ್ನೆಲ್ಲ ಬೆಂಚಿನಡಿ ತಳ್ಳಿದವು. ಮುಂಚೆ ಎಡವಿದ್ದ ತಪಾಸಣೆಯ ಮೇಡಂ ತಮ್ಮ ಕೈಚೀಲವನ್ನೂ ಮೆಲ್ಲಗೆ ಮಡಿಲಿಗೆಳೆದುಕೊಂಡು ಏನೋ ಉದ್ದಕ್ಕೆ ಬರೆದರು.

ಮೇಷ್ಟ್ರು ಎಲೆಯ ಚಿತ್ರ ಹಾಕಿ ಹದಿನೇಳನೆಯದನ್ನು ಒತ್ತಿದರು. ತರಬೇತಿಯ ದಿನಗಳಲ್ಲಿ ಅವರು ಪಾಠ ಅಭ್ಯಾಸ ಮಾಡಿ ಕಳಿಸಿದ್ದಕ್ಕೆ ಅವಳ ಉತ್ತರ ಅದು. "ನುಂಗ್ಬೇಡಿ. ಬಾಯಿ ಬಿಟ್ಟು, ನಿಧಾನಕ್ಕೆ ಹೇಳಿ. ನಾನು ಇಲ್ಲೇ ಇದೀನಿ, ಕೇಳ್ತಿದೀನಿ. ಹೇಳಿ."

ಮಕ್ಕಳು ಬಾಯಿ ಬಿಟ್ಟು, ನಿಧಾನಕ್ಕೆ, ಒಂದೊಂದೇ ಎಲೆಯ ಹೆಸರು ಹೇಳಿದವು. ಹದಿನಾಲ್ಕು ಎಲೆಗೂ ಹೇಳಿದವು. ಮಕ್ಕಳ ಜೊತೆ ಮೇಷ್ಟ್ರೂ ಹೇಳಿದರು. ಅವರ ಬಾಯಿಂದ ದೊಡ್ಡ ದನಿ ಬಂದದ್ದು ಜೀವಮಾನದಲ್ಲಿ ಅದೇ ಮೊದಲು. ಮೂವತ್ತೊಂದು ದನಿಗಳ ನಡುವೆ ಅದು ಯಾರಿಗೂ ತಿಳಿಯಲಿಲ್ಲ.

ಅಷ್ಟರಲ್ಲಿ ಬೆರಳು ತಾಗಿ ಫೋನು ಮುಂದಿನ ಸಂದೇಶಕ್ಕೆ ಜಿಗಿಯಿತು. "ಇವತ್ತು ಬೇಗ ಬನ್ನಿ. ಒಬ್ಬಳಿಗೇ ಯಾಕೋ..."

ಮೇಷ್ಟ್ರು ವೈರು ಕಿತ್ತುಬಿಟ್ಟರು.

"ಮಿಸ್ ಎಲ್ಲಿಗೆ ಹೋದ್ರು ಸಾರ್?" ಎಂದಳು ಎರಡು ಜಡೆಯವಳು. ಮೇಷ್ಟ್ರು ಬೋರ್ಡಿನ ಕಡೆ ತಿರುಗಿ, ಒರೆಸುವುದಕ್ಕೆ ಏನೂ ಇಲ್ಲದಿದ್ದರೂ ಒರೆಸುತ್ತ ನಿಂತರು.

ಹೆಡ್‌ಮೇಡಂ ಕೋಣೆಯಲ್ಲಿ ತಪಾಸಣೆಯ ಮೇಡಂ ಮುಖ ಅರಳಿತ್ತು. "ಇಪ್ಪತ್ತು ವರ್ಷದಲ್ಲಿ ಇಂಥ ಹಿಡಿತ ನೋಡಿರ್ಲಿಲ್ಲ. ಆ ದನಿ ಯಾರದು?"

"ನನ್ನ ಹೆಂಡತಿದು."

"ಟೀಚರಾ?"

"ಹನ್ನೊಂದು ವರ್ಷ."

"ಮತ್ತೆ ನೀವ್ಯಾಕ್ರೀ ಇಲ್ಲಿ? ನಾಳೆ ಹತ್ತು ಗಂಟೆಗೆ ಅವರನ್ನ ಸರ್ಟಿಫಿಕೇಟ್ ತಗೊಂಡು ಬರೋಕೆ ಹೇಳಿ. ಒಂದನೇ ತರಗತಿ ಅವರಿಗೇ ಕೊಡೋಣ, ಅಂಕಾನೂ ಅವರಿಗೇ ಬರೆದಾಯ್ತು."

ಮೇಷ್ಟ್ರು, ಕನ್ನಡಕದ ಅಂಗಡಿಯಲ್ಲಿ ಮಾತಾಡುತ್ತಿದ್ದಷ್ಟೇ ಮೆಲ್ಲಗೆ, ಅವಳು ತೀರಿಹೋಗಿ ಹದಿನಾಲ್ಕು ತಿಂಗಳಾಯಿತೆಂದು ಹೇಳಿದರು. ಆ ಕೋಣೆಯಲ್ಲಿ ಎಲ್ಲರಿಗೂ ಕೇಳಿಸಿತು.

ತಪಾಸಣೆಯ ಮೇಡಂ ಕನ್ನಡಕ ತೆಗೆದು ಬಹಳ ಹೊತ್ತು ಒರೆಸಿದರು. ಕೆಟ್ಟವರಲ್ಲ ಅವರು, ಕಣ್ಣಲ್ಲಿ ನೀರೂ ಬಂದಿತ್ತು. ಆದರೆ ಫಾರಂ ತುಂಬಿಯಾಗಿತ್ತು, ಇಂಕಿನಲ್ಲಿ. ಅದನ್ನು ಮೇಷ್ಟ್ರ ಕಡೆ ತಿರುಗಿಸಿದರು. ದನಿ ಮತ್ತು ಮಕ್ಕಳ ಮೇಲಿನ ಹಿಡಿತ: ಹನ್ನೆರಡಕ್ಕೆ ಹನ್ನೆರಡು, ಧ್ವನಿ ನೀಡಿದವರಿಗೆ. ಪೂರ್ವಸಿದ್ಧತೆ: ಎಂಟಕ್ಕೆ ಏಳು, ಎಲೆ ತಲೆಕೆಳಗಾದದ್ದಕ್ಕೆ ಒಂದು ಕಡಿತ. ಶಿಕ್ಷಕರ ಪಾತ್ರ: ಬಟನ್ ಒತ್ತಿದರು.

"ನಿಮ್ಮದು ಏಳೇ, ಪಾಸಿಗೆ ಹತ್ತು ಬೇಕು," ಎಂದರು ಮೇಡಂ. "ಅವರ ಅಂಕ ನಿಮಗೆ ಹಾಕೋಕೆ ನಂಗೆ ಬರಲ್ಲ. ಹಾಕಿದ್ರೆ ಅವರಿಗೂ ಮೋಸ, ಅಲ್ವಾ?"

"ಹೌದು, ಅವಳದ್ದು ಅವಳಿಗೇ ಇರ್ಲಿ," ಎಂದರು ಮೇಷ್ಟ್ರು. ಅದೂ ಮನಸ್ಸಿನಿಂದಲೇ ಹೇಳಿದ್ದು.

ಹೆಡ್‌ಮೇಡಂ ಮೇಜಿನ ಗಾಜು ಉಜ್ಜುತ್ತ ಮೆಲ್ಲಗೆ ರಾಗ ಎಳೆದರು. "ಮೇಷ್ಟ್ರೇ, ತಪ್ಪು ತಿಳೀಬೇಡಿ. ನೀವು ಹೋದ್ರೂ ಆ ದನಿ ನಮ್ಮ ಶಾಲೇಲಿ ಇರ್ಲಿ. ಮಕ್ಕಳು ನೀರು ಕುಡಿಯೋದೇ ಇಲ್ಲ ನೋಡಿ."

ಮೇಷ್ಟ್ರು ನೀರಿನದು, ಬ್ಯಾಗಿನದು, ಬಾಯಿ ಬಿಟ್ಟು ಹೇಳಿ ಎನ್ನುವುದು, ಮೂರೂ ಕೊಟ್ಟರು. ವೈರ್ ಮೇಷ್ಟ್ರು ಎರಡೇ ನಿಮಿಷದಲ್ಲಿ ಶಾಲೆಯ ಕಂಪ್ಯೂಟರಿಗೆ ತುಂಬಿಸಿ ಸಮಾಧಾನ ಹೇಳಲು ಹೋದರು: "ಬೇಜಾರು ಮಾಡ್ಕೋಬೇಡಿ. ಅವರಿಗಾದ್ರೂ ಇಲ್ಲಿ ಪರ್ಮನೆಂಟ್ ಆಯ್ತಲ್ಲ." ಹೇಳಿದ ಮೇಲೆ ನಾಲಗೆ ಕಚ್ಚಿಕೊಂಡು ಬೇರೆ ಕಡೆ ನೋಡಿದರು.

ಸಂಜೆ ಬಸ್ಸುಗಳು ಬಂದವು, ಹೋದವು. ಮೇಷ್ಟ್ರು ನಿಲ್ದಾಣದ ಕಲ್ಲುಬೆಂಚಿನಿಂದ ಏಳಲಿಲ್ಲ. ಆಮೇಲೆ ಫೋನು ತೆಗೆದು ಕಿವಿಗಿಟ್ಟುಕೊಂಡು, ಹೆಡ್‌ಮೇಡಂ ಬೇಡಿದರೂ ಕೊಡಲಾರದ ಒಂದು ಸಂದೇಶ ಕೇಳಿಸಿಕೊಂಡರು. ತರಬೇತಿಯ ಪ್ರವೇಶ ಪರೀಕ್ಷೆಯಲ್ಲಿ ಅವರು ಮೊದಲ ಸಲ ಫೇಲಾದ ಸಂಜೆ ಅವಳು ಕಳಿಸಿದ್ದು.

"ಗೊತ್ತಾಯ್ತು ರೀ. ಆಗ್ಲಿಲ್ಲ ಅಂದ್ರೆ ಆಗ್ಲಿಲ್ಲ, ಅದಕ್ಕೇನೀಗ. ಬಸ್ ಸ್ಟಾಪಲ್ಲಿ ಕೂತಿರ್ತೀರ, ನಂಗೊತ್ತು. ಎದ್ದು ಮನೆಗೆ ಬನ್ನಿ. ಬಾಗಿಲು ತೆಗೆದೇ ಇಟ್ಟಿರ್ತೀನಿ."

ಮೇಷ್ಟ್ರು ಎದ್ದರು. ಬೀಗದ ಕೈ ಇದೆಯೇ ಎಂದು ಜೇಬು ಮುಟ್ಟಿ ನೋಡಿಕೊಂಡು ಬಸ್ಸು ಹತ್ತಿದರು.