ಸಪ್ಪಳ ನಿಂತ ಗಾಡಿ

ಅಮರನಾಥನ ಗಾಡಿ ಹನ್ನೊಂದು ವರ್ಷ ಸಪ್ಪಳ ಮಾಡಿತ್ತು. ಮದುವೆಯಾದ ವರ್ಷವೇ ಕೊಂಡ, ಯಾರೋ ಓಡಿಸಿ ಬಿಟ್ಟ ಹಳೆಯ ಡೀಸೆಲ್ ಗಾಡಿ ಅದು. ವೇಗ ನಲವತ್ತು ದಾಟಿತೆಂದರೆ ಹಿಂದಿನ ಎರಡು ಗಾಲಿಗಳ ನಡುವಿನಿಂದ ಗುಂಯ್ ಎಂದು ಶುರುವಾಗಿ, ಊರು ಮುಟ್ಟುವ ತನಕ ನಿಲ್ಲುತ್ತಿರಲಿಲ್ಲ. ಹೆಂಡತಿ ಈಶ್ವರಿ ಅದನ್ನೂ ಸಹಿಸಿದಳು, ಗಂಡನನ್ನೂ ಸಹಿಸಿದಳು. ಇಪ್ಪತ್ತೆರಡು ದಿನದ ಹಿಂದೆ ಔರಾದಿನ ತವರುಮನೆಯ ಮುಂದೆ ಇಳಿದವಳು ಮಾತ್ರ ತಿರುಗಿ ಹತ್ತಲಿಲ್ಲ.

"ಇದರ ಸಪ್ಪಳ ನಿಂತ ಮ್ಯಾಲೆ ಬಂದು ಕರಕೊಂಡು ಹೋಗ್ರಿ," ಎಂದು ಚೀಲ ಹಿಡಿದುಕೊಂಡು ಒಳಗೆ ಹೋದಳು.

ಬೀದರಿನ ಮನೆ ಬಿಕೋ ಎನ್ನತೊಡಗಿತು. ಅಮರನಾಥ ಊರಾಚೆಯ ಕೊಳಾರದ ಗೋದಾಮಿನಲ್ಲಿ ಗುಮಾಸ್ತ. ದಿನವಿಡೀ ಮೂಟೆ ಎಣಿಸಿ ಬರೆಯುವವನು. ಈಗ ಎಣಿಕೆ ತಪ್ಪುತ್ತಿತ್ತು. ಬೆಳಿಗ್ಗೆ ಚಹಾಕ್ಕೆ ಎರಡು ಕಪ್ಪು ತೆಗೆದು, ಒಂದನ್ನು ಸುಮ್ಮನೆ ವಾಪಸ್ ಇಡುತ್ತಿದ್ದ. ಅವಳಿಲ್ಲದೆ ತನಗೆ ನಡೆಯುವುದಿಲ್ಲವೆಂದು ಅವನಿಗೆ ಎಂಟನೆಯ ದಿನಕ್ಕೇ ಗೊತ್ತಾಗಿತ್ತು. ಒಪ್ಪಿಕೊಳ್ಳಲು ಇನ್ನೂ ಹತ್ತು ದಿನ ಹಿಡಿಯಿತು. ಕೊನೆಗೆ ಮುರ್ತುಜಾ ಮಿಸ್ತ್ರಿಯ ಹತ್ತಿರ ಗಾಡಿ ಬಿಟ್ಟ. ಮುರ್ತುಜಾ ಹಿಂದಿನ ಆಕ್ಸಲ್ ಬಿಚ್ಚಿ, ಒಳಗೆ ಹಲ್ಲು ಸವೆದಿದ್ದ ಗೇರು ತೆಗೆದು ಹೊಸದನ್ನು ಕೂಡಿಸಿದ. ಗುಂಯ್ ನಿಂತಿತು.

ನಡುಕ ಶುರುವಾಯಿತು. ಗ್ಯಾರೇಜಿನಿಂದ ತಂದ ಮರುದಿನ ಬೆಳಿಗ್ಗೆ ರಿಂಗ್ ರೋಡಿನಲ್ಲಿ ಅರವತ್ತಕ್ಕೆ ಒಯ್ದಾಗ, ಚಳಿಜ್ವರ ಬಂದವರ ಹಾಗೆ ಇಡೀ ಗಾಡಿ ನಡುಗಿತು. ಅಮರನಾಥನ ಕನ್ನಡಕ ಜಾರಿ ಮೂಗಿನ ತುದಿಗೆ ಬಂತು. ಅದೇ ಹೊತ್ತಿಗೆ ಮಾವ ಶಿವರಾಜಪ್ಪನವರ ಫೋನು ಬಂತು.

"ಅಳಿಯಂದ್ರ, ಇವತ್ತ ಸಂಜಿ ದೀಪ ಹಚ್ಚೋದ್ರೊಳಗ ಬರ್ರಿ. ನಾಳಿ ಅಮಾಸಿ. ಆಮ್ಯಾಲ ಆಷಾಢ ಹತ್ತತದ, ನಿಮ್ಮತ್ತಿ ಒಂದು ತಿಂಗಳು ಮಗಳಿಗಿ ಕಳಸಂಗಿಲ್ಲ. ತಪ್ಪಸಬ್ಯಾಡ್ರಿ, ಕೈ ಮುಗಿತೇನಿ."

ಮಾವನ ದನಿಯಲ್ಲಿನ ಕಳಕಳಿ ಕೇಳಿ ಅಮರನಾಥನ ಕಣ್ಣು ತೇವವಾಯಿತು. ಆದರೆ ಸಪ್ಪಳ ಬಿಟ್ಟು ನಡುಕ ಹಿಡಿದ ಗಾಡಿಯನ್ನು ಈಶ್ವರಿಯ ಮುಂದೆ ನಿಲ್ಲಿಸುವುದು ಹೇಗೆ? ಮುರ್ತುಜಾ ಸಾಮಾನು ತರಲು ಹುಮನಾಬಾದಿಗೆ ಹೋಗಿದ್ದ. ಎರಡು ಗಂಟೆಗೆ ಬನ್ನಿ ಎಂದು ಫೋನಿನಲ್ಲಿ ಹೇಳಿದ. ಅಷ್ಟರ ತನಕ ಸುಮ್ಮನಿದ್ದರೆ ಅಮರನಾಥನಿಗೆ ಅರ್ಧ ತೊಂದರೆ ತಪ್ಪುತ್ತಿತ್ತು.

ಅವನ ಓಣಿಯಲ್ಲಿ ಸುಮ್ಮನಿರಲು ಬಿಡುವವರು ಯಾರೂ ಇರಲಿಲ್ಲ. ಎಡಮನೆಯ ಮಚ್ಛೇಂದ್ರ ಮೂವತ್ತು ವರ್ಷ ಬಸ್ಸು ಓಡಿಸಿ ನಿವೃತ್ತನಾದವನು. ನಡುಕ ಎಂಜಿನ್ನಿನದೇ ಎಂದು ಅವನು ಬಾನೆಟ್ಟು ತೆರೆಯುವ ಮೊದಲೇ ತೀರ್ಪು ಕೊಟ್ಟ. ಬಲಮನೆಯವನ ಹೆಸರು ಉತ್ತಮ, ಶಾಲೆಯಲ್ಲಿ ಗಣಿತದ ಮೇಷ್ಟ್ರು. ಒಂದೊಂದನ್ನೇ ಪರೀಕ್ಷಿಸಿ ತೆಗೆದುಹಾಕುತ್ತ ಹೋದರೆ ಉಳಿದದ್ದೇ ಉತ್ತರ ಎಂದು ಅವನು ಒಂದು ನೋಟುಬುಕ್ಕನ್ನೇ ಹಿಡಿದು ಬಂದ. ಪರೀಕ್ಷೆಗೆ ಉದ್ದನೆಯ ರಸ್ತೆ ಬೇಕೆಂದು ಭಾಲ್ಕಿಯ ದಾರಿ ಹಿಡಿಯುವುದಾಯಿತು.

ಭಾಲ್ಕಿಯ ದಾರಿಯಲ್ಲಿ ಅರವತ್ತು ಮುಟ್ಟುತ್ತಲೇ ಉತ್ತಮ ನ್ಯೂಟ್ರಲ್ ಮಾಡಲು ಹೇಳಿದ. ಎಂಜಿನ್ನಿನ ಸದ್ದು ತಗ್ಗಿತು, ನಡುಕ ಹಾಗೆಯೇ ಇತ್ತು. ನೋಟುಬುಕ್ಕಿನಲ್ಲಿದ್ದ ಎಂಜಿನ್ನಿನ ಹೆಸರನ್ನು ಉತ್ತಮ ಹೊಡೆದುಹಾಕಿದ. ಮೂವತ್ತು ವರ್ಷದ ಅನುಭವಕ್ಕೆ ಒಂದೇ ಗೆರೆಯಲ್ಲಿ ಅವಮಾನವಾದದ್ದು ಕಂಡು ಮಚ್ಛೇಂದ್ರ ಹೊಸ ವಾದ ಹೂಡಿದ. ನಡುಕ ಎಷ್ಟಿದೆಯೆಂದು ಅಳೆಯಬೇಕು ಎಂದು ಸ್ಟೀಲಿನ ಲೋಟದ ತುಂಬ ನೀರು ಹಿಡಿದು ಮುಂದಕ್ಕೆ ಬಗ್ಗಿದ. ಮಾವನ ಮನೆಗೆಂದು ಇಸ್ತ್ರಿ ಮಾಡಿ ತೊಟ್ಟಿದ್ದ ಅಮರನಾಥನ ಬಿಳಿ ಅಂಗಿಯ ಮೇಲೆ ಅಳತೆ ಪೂರ್ತಿ ಬಿತ್ತು.

ಭಾಲ್ಕಿಯಲ್ಲಿ ಟಯರಿನ ಅಂಗಡಿಯ ಲಾಲ ಅಹ್ಮದ ನಾಲ್ಕೂ ಗಾಲಿ ಬಿಚ್ಚಿ, ಒಂದೊಂದನ್ನೇ ಯಂತ್ರಕ್ಕೆ ಕೂಡಿಸಿ ತಿರುಗಿಸಿ, ಹಗುರಾದ ಕಡೆ ಸೀಸದ ತುಂಡು ಬಡಿದ. ಅದಕ್ಕೆ ಒಂದೂವರೆ ತಾಸು ಹಿಡಿಯಿತು. ಹಿಂದೆ ಭಾರವಿದ್ದರೆ ಗಾಡಿ ನಡುಗುವುದಿಲ್ಲವೆಂದು ಮಚ್ಛೇಂದ್ರನಿಗೆ ಆಗಲೇ ನೆನಪಾಯಿತು. ಅಲ್ಲೇ ಭಾಲ್ಕಿಯಲ್ಲಿದ್ದ ತನ್ನ ಬೀಗರ ಮನೆಯಲ್ಲಿ ಎರಡು ತಿಂಗಳಿಂದ ಬಿದ್ದಿದ್ದ ಎರಡು ಚೀಲ ಜೋಳವೂ ನೆನಪಾಯಿತು. ಜೋಳ ಹೇರಿಕೊಂಡು ಹೊರಟರು. ಅರವತ್ತಕ್ಕೆ ಗಾಡಿ ಮೊದಲಿನಂತೆಯೇ ನಡುಗಿತು, ಜೊತೆಗೆ ಜೋಳವೂ ನಡುಗಿತು. ನೋಟುಬುಕ್ಕಿನಲ್ಲಿ ಗಾಲಿಗಳನ್ನೂ ಉತ್ತಮ ಹೊಡೆದುಹಾಕಿದ. ಓಣಿಯಲ್ಲಿ ಜೋಳ ಇಳಿಸಿ, ಇಬ್ಬರನ್ನೂ ಇಳಿಸಿ, ಅಮರನಾಥ ಗ್ಯಾರೇಜು ಮುಟ್ಟಿದಾಗ ಎರಡೂವರೆ ಆಗಿತ್ತು.

ಮುರ್ತುಜಾ ಗಾಡಿಯ ಕೆಳಗೆ ಮಲಗಿದ. ಎಂಜಿನ್ನಿನ ಕಡೆಯಿಂದ ಹಿಂದಿನ ಗೇರಿಗೆ ತಿರುಗಾಟ ಒಯ್ಯುವ ಉದ್ದನೆಯ ಕಬ್ಬಿಣದ ಶಾಫ್ಟನ್ನು ಟಾರ್ಚು ಹಿಡಿದು ನೋಡಿದ. ಆಮೇಲೆ ಮುಖವಷ್ಟೇ ಹೊರಗೆ ತಂದ.

"ಅಮರನಾಥ ಸಾಬ್, ಇದು ಎರಡು ತುಂಡಿನ ಶಾಫ್ಟ್. ಗೇರು ತೆಗೀಲಿಕ್ಕ ಇದನ್ನೂ ಬಿಚ್ಚಬೇಕು. ಬಿಚ್ಚೂಕಿಂತ ಮೊದಲು ಎರಡಕ್ಕೂ ಕೂಡೇ ಚಾಕ್‌ಪೀಸಿಲೆ ಒಂದು ಗೆರಿ ಹೊಡೀತೇನಿ. ತಿರುಗಿ ಹಾಕೋವಾಗ ಗೆರಿಗಿ ಗೆರಿ ಕೂಡಬೇಕು. ತಪ್ಪಿದ್ರ ನಡಗತದ. ನಾ ಹೊಡದಿದ್ದು ಒಂದೇ ಗೆರಿರಿ. ಇಲ್ಲಿ ಮೂರು ಮೂರು ಅವ."

ಅಮರನಾಥ ಗಾಡಿಯ ಕೆಳಗೆ ಬಗ್ಗಿ ನೋಡಿದ, ಬಿಳಿ ಅಂಗಿಗೆ ಎಣ್ಣೆಯ ಕಲೆ ಬಿತ್ತು. ಕಬ್ಬಿಣದ ಮೇಲೆ ಮೂರು ಬೆರಳಿನ ಅಗಲಕ್ಕೆ, ಸಾಲಾಗಿ, ನೀಟಾಗಿ ಮೂರು ಬಿಳಿ ಗೆರೆ. ಅವನಿಗೆ ಆ ಬೆರಳುಗಳ ಗುರುತು ಹತ್ತಿತು. ಹೊಸ ಗೇರು ಬಂದ ಸೋಮವಾರ ಊದುಬತ್ತಿ ಬೆಳಗಿ ಬರುತ್ತೇನೆಂದು ಅಕ್ಕನ ಮನೆಯಲ್ಲಿರುವ ತಾಯಿ ಲಲಿತಾಬಾಯಿ ಗ್ಯಾರೇಜಿಗೆ ಹೋಗಿದ್ದರು. ಫೋನು ಮಾಡಿ ಕೇಳಿದಾಗ ಅವರು ಏನನ್ನೂ ಮುಚ್ಚಿಡಲಿಲ್ಲ.

"ಹೌದಪ್ಪ, ಯಾರೋ ಒಂದೇ ಗೆರಿ ಎಳದು ಹಂಗೇ ಬಿಟ್ಟಿದ್ರು. ಅರ್ಧ ವಿಭೂತಿ ಬಿಟ್ರ ಹ್ಯಾಂಗ? ಸೆರಗಲೆ ಒರಸಿ, ಎರಡೂ ತುಂಡಿಗಿ ಮೂರು ಮೂರು ಪೂರಾ ಎಳದೇನಿ. ಗಾಡಿ ಚಲೋ ಓಡಲಿಕ್ಕತ್ಯದಿಲ್ಲ?"

ಅಮರನಾಥ ಚಲೋ ಓಡುತ್ತಿದೆ ಎಂದ. ತನ್ನ ಗೆರೆ ನಡುವಿನದೇ ಇರಬೇಕೆಂದು ನಡುಗೆರೆಗೆ ನಡುಗೆರೆ ಕೂಡಿಸಿಬಿಟ್ಟಿದ್ದಾಗಿ ಮುರ್ತುಜಾ ಒಪ್ಪಿಕೊಂಡ. ಹಾಗೆಂದು ಅವನು ಎಣ್ಣೆಯ ಅರಿವೆ ತೆಗೆದುಕೊಂಡು ಒರೆಸಲಿಲ್ಲ. ಎದ್ದು ಕೈ ತೊಳೆದು, ಒಗೆದ ಅರಿವೆ ಹುಡುಕಿ, ಅಮ್ಮ ಇಟ್ಟದ್ದು ಎಂದು ಮೆಲ್ಲಗೆ ಒರೆಸಿದ. ಶಾಫ್ಟು ಬಿಚ್ಚಿ, ಎರಡೂ ತುದಿಯ ಕವಲುಗಳು ಒಂದೇ ಸಾಲಿಗೆ ಬರುವಂತೆ ಕಣ್ಣಳತೆಯಲ್ಲಿ ಕೂಡಿಸಿದ. ಗುರುತಿಗೆ ಈ ಸಲ ಚಾಕ್‌ಪೀಸು ಮುಟ್ಟಲಿಲ್ಲ. ಉಳಿಯಿಟ್ಟು ಬಡಿದು ಕಬ್ಬಿಣಕ್ಕೇ ಚುಕ್ಕೆ ಹಾಕಿದ.

ನಾಲ್ಕಕ್ಕೆ ಅಮರನಾಥ ಔರಾದಿನ ರಸ್ತೆಯಲ್ಲಿದ್ದ. ಅರವತ್ತು, ಎಪ್ಪತ್ತು. ಹೊಟ್ಟೆಯ ನೀರು ಅಲುಗಲಿಲ್ಲ. ಹನ್ನೊಂದು ವರ್ಷದಲ್ಲಿ ಮೊದಲ ಸಲ ಗಾಳಿಯ ಸದ್ದು, ದೂರದ ಹೊಲದಲ್ಲಿ ಯಾರೋ ಯಾರನ್ನೋ ಕರೆದದ್ದು ಗಾಡಿಯೊಳಗೆ ಕೇಳಿಸಿತು. ಅವನಿಗೆ ಒಬ್ಬನೇ ಅಳಬೇಕೆನಿಸಿ, ಸ್ವಲ್ಪ ಅತ್ತ.

ಔರಾದಿನಲ್ಲಿ ಈಶ್ವರಿಯ ಚೀಲ ಆಗಲೇ ಕಟ್ಟೆಯ ಮೇಲಿತ್ತು. ಶಿವರಾಜಪ್ಪನವರು ಅಳಿಯ ಚಹಾ ಕುಡಿಯುವಾಗಲೂ ಆತುರಪಡಿಸಿ, ಮಗಳ ಚೀಲ ತಾವೇ ಎತ್ತಿ ಗಾಡಿಯಲ್ಲಿಟ್ಟು, ಬಾಗಿಲನ್ನೂ ತಾವೇ ಹಾಕಿದರು. ಗಾಡಿ ಊರು ದಾಟಿತು. ನಲವತ್ತಾಯಿತು, ಅರವತ್ತಾಯಿತು. ಈಶ್ವರಿ ಕಿವಿಗೊಟ್ಟು ಕೂತಳು. ಆಮೇಲೆ ಅವನ ಕಲೆಬಿದ್ದ ಅಂಗಿಯನ್ನು ನೋಡಿದಳು.

"ನನ್ನ ಸಲುವಾಗಿ ಇಷ್ಟು ಮಾಡಿದ್ರಿ?" ಎಂದಳು. ದನಿ ಮೆತ್ತಗಿತ್ತು. ಅಮರನಾಥನಿಗೆ ಬೆಳಗಿನಿಂದ ಪಟ್ಟದ್ದೆಲ್ಲ ಸಾರ್ಥಕವಾಯಿತು ಅನಿಸಿತು.

ಸದ್ದಿಲ್ಲದ ಗಾಡಿಯಲ್ಲಿ ಅವಳಿಗೆ ಮಾತಾಡುವ ಹುರುಪು ಬಂತು. ಹನ್ನೊಂದು ವರ್ಷ ಈ ಗಾಡಿಯಲ್ಲಿ ಒಂದು ಮಾತೂ ಪೂರ್ತಿಯಾಗಿ ಆಡಲಾಗಿರಲಿಲ್ಲ, ಆಡದೆ ಉಳಿದವೆಲ್ಲ ಹಾಗೇ ಇದ್ದವು. ಮದುವೆಯ ದಿನ ಅವನ ಅಕ್ಕ ಅಂದದ್ದರಿಂದ ಶುರುವಾಗಿ, ಸಂತಪುರ ಬರುವ ಹೊತ್ತಿಗೆ ಹೋದ ವರ್ಷದ ದೀಪಾವಳಿಯ ಸೀರೆಗೆ ಬಂದಿತ್ತು. ಅಮರನಾಥ ತಲೆಯಾಡಿಸುತ್ತ ನಡೆಸಿದ.

ಅವನಿಗೊಂದು ರೂಢಿ ಇತ್ತು. ಇದೆಯೆಂದು ಅವನಿಗೇ ತಿಳಿದಿರಲಿಲ್ಲ. ಗಾಡಿ ನಡೆಸುವಾಗ ಹೆಂಡತಿಯ ಪ್ರತಿ ಮಾತಿಗೂ ಅವನು ಬಾಯೊಳಗೇ ಒಂದು ಉತ್ತರ ಕೊಡುತ್ತಿದ್ದ. ಹನ್ನೊಂದು ವರ್ಷದಿಂದ ಕೊಟ್ಟ ಆ ಉತ್ತರಗಳನ್ನೆಲ್ಲ ಹಿಂದಿನ ಹಳೆಯ ಗೇರು ಒಂದೂ ಬಿಡದೆ ನುಂಗಿಕೊಂಡಿತ್ತು.

"ನಿಮಗ ಏನು ಹೇಳಿದ್ರೂ ಅಷ್ಟೇರಿ," ಎಂದಳು ಈಶ್ವರಿ. "ನಮ್ಮಪ್ಪ ನೋಡ್ರಿ. ಇಪ್ಪತ್ತೆರಡು ದಿನ ಕೂತು ನನ್ನ ಮಾತು ಕೇಳ್ಯಾನ."

"ಪಾಪ, ಅದಕ್ಕೇ ಕೈ ಮುಗದು ಇವತ್ತೇ ಕರಕೊಂಡು ಹೋಗು ಅಂದಾನ," ಎಂದ ಅಮರನಾಥ, ಬಾಯೊಳಗೆ.

ಗಾಡಿಯಲ್ಲಿ ಗಾಳಿಯ ಸದ್ದು ಬಿಟ್ಟರೆ ಬೇರೇನೂ ಇರಲಿಲ್ಲ. ಈಶ್ವರಿ ನಿಧಾನಕ್ಕೆ ಅವನ ಕಡೆ ತಿರುಗಿದಳು.

"ಏನಂದ್ರಿ?"

"ಏನಿಲ್ಲ."

"ಗಾಡಿ ತಿರಗಸ್ರಿ."

ಅವನು ಬೇಡಿಕೊಂಡ, ಅವಳು ಚೀಲವನ್ನು ಮಡಿಲಿಗೆ ಎಳೆದುಕೊಂಡಳು. ಗಾಡಿ ತಿರುಗಿತು. ಅರ್ಧ ತಾಸಿನ ನಂತರ ಅದು ಎಣ್ಣೆ ಸವರಿದ ಹಾಗೆ ಸದ್ದಿಲ್ಲದೆ ಬಂದು ಮನೆಯ ಮುಂದೆ ನಿಂತಾಗ, ಕಟ್ಟೆಯ ಮೇಲೆ ಕಣ್ಣು ಮುಚ್ಚಿ ನೆಮ್ಮದಿಯಾಗಿ ಕೂತಿದ್ದ ಶಿವರಾಜಪ್ಪನವರಿಗೆ ಎದ್ದು ಒಳಗೆ ಹೋಗಲು ಸಮಯ ಸಿಗಲಿಲ್ಲ.