ಉದಾಹರಣೆಗೆ ಒಂದು ವಾಕ್ಯ

ಎಲ್ಲ ತಾಪತ್ರಯಕ್ಕೂ ಮೂಲ ‘ಇಂಜುಡಿಷಿಯಸ್’ ಎಂಬ ಒಂದು ಇಂಗ್ಲಿಷ್ ಗುಣವಾಚಕ. ನಿಘಂಟು ಕಚೇರಿಯ ತಾತ್ಕಾಲಿಕ ಸಹಾಯಕನ ಮೇಜಿನ ಮೇಲೆ ಅದು ಬೆಳಿಗ್ಗೆಯೇ ಬಂದು ಕೂತಿತ್ತು. ಮೂರು ವರ್ಷದಿಂದ ತಾತ್ಕಾಲಿಕವಾಗಿಯೇ ಉಳಿದಿದ್ದ ಅವನನ್ನು ಎಲ್ಲರೂ ಕರೆಯುತ್ತಿದ್ದುದೇ ‘ಹಂಗಾಮಿ’ ಎಂದು. ಅವನ ಕೆಲಸ ಕಾಯಂ ಮಾಡುವ ಕಡತ ಆ ಸಂಜೆಯೇ ಸಂಪಾದಕರ ಮುಂದೆ ಹೋಗುವುದಿತ್ತು.

ಅರ್ಥ ಬರೆಯುವುದು ಕಷ್ಟವಾಗಲಿಲ್ಲ: ‘ವಿವೇಚನೆಯಿಲ್ಲದ, ಹಿಂದುಮುಂದು ನೋಡದ’. ಆದರೆ ಬಳಕೆ ತೋರಿಸಲು ಒಂದು ವಾಕ್ಯ ಬೇಕು, ಆ ಚೀಟಿಗೆ ಮೂವರು ಸಹೋದ್ಯೋಗಿಗಳ ಸಹಿಯೂ ಬೇಕು. ಅದು ಕಚೇರಿಯ ನಿಯಮ.

‘ಮೋಡ ಕವಿದಾಗ ಕೊಡೆ ಬಿಟ್ಟು ಹೊರಟದ್ದು ವಿವೇಚನೆಯಿಲ್ಲದ ಕೆಲಸ’ ಎಂದು ಬರೆದು ಟೈಪಿಸ್ಟಮ್ಮನಿಗೆ ಕೊಟ್ಟ. ಹಿಂದಿನ ದಿನವಷ್ಟೇ ತೊಯ್ದು ತೊಪ್ಪೆಯಾಗಿದ್ದ ಆಕೆ ಸೀನುತ್ತಲೇ ಸಿಡಿದಳು.

“ನನ್ನ ಹೆಸರೇ ಬರೀಬಹುದಿತ್ತಲ್ಲ, ಸಂಕೋಚ ಯಾಕೆ?”

ಆ ಚೀಟಿ ಹರಿದು ಇನ್ನೊಂದು ಬರೆದ: ‘ಓಡಿಸಲು ಬಾರದವನು ಕಾರು ಕೊಂಡದ್ದು ವಿವೇಚನೆಯಿಲ್ಲದ ಕೆಲಸ.’ ಕರಡು ತಿದ್ದುವ ಹಿರಿಯರ ಕನ್ನಡಕ ಮೂಗಿನ ತುದಿಗೆ ಜಾರಿತು.

“ನಮ್ಮ ಅಳಿಯಂದಿರ ಸುದ್ದಿ ನಿಮಗೆ ಯಾರ್ರೀ ಹೇಳಿದ್ದು? ನಿಂತ ಕಾರಲ್ಲಿ ಕೂತು ಪೇಪರ್ ಓದ್ತಾರಪ್ಪ, ನಿಮ್ಮ ಗಂಟೇನು ಹೋಯ್ತು?”

ಮನುಷ್ಯರ ಸಹವಾಸವೇ ಬೇಡವೆಂದು ಹಂಗಾಮಿ ಪ್ರಾಣಿಗಳ ಮೊರೆಹೋದ. ‘ವಿವೇಚನೆಯಿಲ್ಲದ ಕತ್ತೆ ಹುಲಿಯನ್ನು ಊಟಕ್ಕೆ ಕರೆಯಿತು.’ ಅದನ್ನು ಓದಿದ ಗ್ರಂಥಪಾಲಕ ಕಳೆದ ಭಾನುವಾರ ಸಂಪಾದಕರನ್ನು ಮನೆಗೆ ಊಟಕ್ಕೆ ಕರೆದಿದ್ದ.

“ಹುಲಿ ಯಾರೂಂತ ಗೊತ್ತಾಯ್ತು. ಕತ್ತೆ ಯಾರು, ಅದನ್ನೂ ಹೇಳಿಬಿಡಿ!”

ಗಂಟೆ ನಾಲ್ಕೂ ಮುಕ್ಕಾಲು. ಏನು ಬರೆದರೂ ತಕರಾರು ತೆಗೆಯದ ಮನುಷ್ಯ ಆ ಕಚೇರಿಯಲ್ಲಿ ಒಬ್ಬನೇ ಒಬ್ಬನಿದ್ದ. ಹಲ್ಲು ಕಚ್ಚಿ ಬರೆದ: ‘ನನ್ನಂಥ ವಿವೇಚನೆಯಿಲ್ಲದ ಮನುಷ್ಯನನ್ನು ಈ ಕಚೇರಿ ಮೂರು ವರ್ಷದಿಂದ ಸಹಿಸಿಕೊಂಡಿದೆ.’

ಟೈಪಿಸ್ಟಮ್ಮ ಸೀನುವುದನ್ನೂ ಮರೆತು ಸಹಿ ಹಾಕಿದಳು. ಹಿರಿಯರು ‘ವಿವೇಚನೆ’ಯ ಹಿಂದೆ ‘ತೀರಾ’ ಎಂದು ಸೇರಿಸಿ ಸಹಿ ಮಾಡಿದರು. ಗ್ರಂಥಪಾಲಕನಂತೂ “ಅಪ್ಪಟ ಸತ್ಯ ಕಣ್ರೀ” ಎಂದು ಸಹಿ ಹಾಕಿ ಬೆನ್ನು ತಟ್ಟಿದ.

ಚೀಟಿ ಓದಿ ಸಂಪಾದಕರ ಮುಖ ಅರಳಿತು. “ಭೇಷ್! ಅರ್ಥಕ್ಕೆ ಅರ್ಥ, ಬಳಕೆಗೆ ಬಳಕೆ. ಒಂದಕ್ಷರ ಮುಟ್ಟೋ ಹಾಗಿಲ್ಲ. ಹೀಗೇ ಅಚ್ಚಿಗೆ ಹೋಗ್ಲಿ.”

ಹಂಗಾಮಿಗೆ ಗಾಳಿಯಲ್ಲಿ ತೇಲಿದ ಹಾಗಾಯಿತು. ಸಂಪಾದಕರು ಅವನ ಕಡತ ಬಿಚ್ಚಿದರು.

“ಕಾಯಂ ಮಾಡೋಕೆ ನಿಮ್ಮ ಬಗ್ಗೆ ಮೂವರು ಸಹೋದ್ಯೋಗಿಗಳ ಅಭಿಪ್ರಾಯ ಬೇಕಿತ್ತು. ಸಹಿ ಸಮೇತ ನೀವೇ ತಂದುಕೊಟ್ರಿ, ನನ್ನ ಕೆಲಸ ಉಳೀತು. ಇನ್ನು ಮುಂದಿನ ವರ್ಷ ನೋಡೋಣ.” ಚೀಟಿಯ ಒಂದು ಪ್ರತಿಯನ್ನು ಕಡತಕ್ಕೆ ಸೇರಿಸಿ ದಾರ ಬಿಗಿದರು.

ಹೊರಗೆ ಮೂವರೂ ಕಾದಿದ್ದರು. “ಏನಾಯ್ತು ಹಂಗಾಮಿ? ಕಾಯಂ ಆಯ್ತಾ?”

“ಆಯ್ತು” ಎಂದ ಅವನು. “ವಾಕ್ಯ.”